ಬೈಕು ಕೆಟ್ಟರೆ ಗ್ರಾಹಕ ಯಾರು?



ಮೋಟಾರ್ ಸೈಕಲ್ಲಿನ ಎಂಜಿನ್ನಿನ ಅಡಿಯಲ್ಲಿ ಒಂದು ಸಣ್ಣ ಬೋಲ್ಟು ಇರುತ್ತದೆ. ಹಳೆಯ ಆಯಿಲ್ ಇಳಿಸಲು ಅದನ್ನು ಬಿಚ್ಚುತ್ತಾರೆ, ಹೊಸದನ್ನು ತುಂಬುವ ಮೊದಲು ಮತ್ತೆ ಬಿಗಿಯುತ್ತಾರೆ. ಸಾಮಾನ್ಯವಾಗಿ ಬೋಲ್ಟು ಉಕ್ಕಿನದು. ಅದು ಕೂರುವ ಎಂಜಿನ್ನಿನ ತಳ ಅಲ್ಯೂಮಿನಿಯಮ್ಮಿನದು. ಅವಸರದಲ್ಲಿ ಅಳತೆ ಮೀರಿ ಬಿಗಿದರೆ ಮೆತ್ತನೆಯ ಲೋಹದ ಥ್ರೆಡ್ಡು ಹಾಳಾಗುತ್ತದೆ. ಗ್ಯಾರೇಜಿನಿಂದ ಹೊರಡುವಾಗ ಕಣ್ಣಿಗೆ ಏನೂ ಕಾಣದು. ದಾರಿಯಲ್ಲಿ ಆಯಿಲ್ ತೊಟ್ಟಿಕ್ಕಿ ಖಾಲಿಯಾಗಿ, ಎಂಜಿನ್ ಕಾದು, ಸೀಜ್ ಆಗಿ ನಿಂತಾಗಲೇ ಕೆಟ್ಟದ್ದು ಗೊತ್ತಾಗುವುದು.

ಇದು ಬರ್ಮಿಂಗ್‌ಹ್ಯಾಮಿನಲ್ಲಿರುವ ಒಬ್ಬ ಕನ್ನಡಿಗನಿಗೆ ಆಯಿತೆಂದು ಇಟ್ಟುಕೊಳ್ಳಬಹುದು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಆತ ಅವಲಂಬಿತ ವೀಸಾದ ಮೇಲೆ ಬಂದವನು. 125 ಸಿಸಿಯ ಬೈಕಿನಲ್ಲಿ ಸಂಜೆಯಿಂದ ನಡುರಾತ್ರಿಯವರೆಗೆ ಊಟದ ಪೊಟ್ಟಣಗಳನ್ನು ಮನೆಮನೆಗೆ ಮುಟ್ಟಿಸುತ್ತಾನೆ. ಸರ್ವೀಸ್ ಮಾಡಿಸಿದ ಮರುದಿನವೇ ಬೈಕು ನಿಂತಿತು. ಗ್ಯಾರೇಜಿನ ಮಾಲೀಕ ಹೇಳಿದ್ದು ಎರಡೇ ಮಾತು: "ಗಾಡಿ ಹಳೆಯದು. ಹೊರಗೆ ಹೋದ ಮೇಲೆ ನಮ್ಮ ಜವಾಬ್ದಾರಿ ಇಲ್ಲ."

ಇಂಥ ಮಾತು ಕೇಳಿದ ವಲಸಿಗ ಹೆಚ್ಚಾಗಿ ಸುಮ್ಮನಾಗುತ್ತಾನೆ. ಕೋರ್ಟಿಗೆ ಹೋದರೆ ವೀಸಾಕ್ಕೆ ತೊಂದರೆಯಾದೀತೆಂಬ ಅಂಜಿಕೆ ಒಂದು ಕಡೆ, ತನ್ನ ಇಂಗ್ಲಿಷ್ ಕೇಳಿ ನಕ್ಕಾರೆಂಬ ಸಂಕೋಚ ಇನ್ನೊಂದು ಕಡೆ. ಹಣಕ್ಕಾಗಿ ಸಿವಿಲ್ ದಾವೆ ಹೂಡುವುದು ಅಪರಾಧವಲ್ಲ, ವೀಸಾದ ಷರತ್ತನ್ನು ಮುರಿಯುವುದೂ ಅಲ್ಲ ಎಂಬುದನ್ನು ಮೊದಲು ತಿಳಿದಿರಬೇಕು.

ಎರಡನೆಯದು ಸಾಕ್ಷ್ಯ. ಬೈಕನ್ನು ಬಿಡುವ ಮುನ್ನ ನಾಲ್ಕೂ ಕಡೆಯಿಂದ ಫೋಟೋ, ಓಡಿದ ಮೈಲಿಗಳ ಫೋಟೋ, ಮಾಡಬೇಕಾದ ಕೆಲಸದ ಲಿಖಿತ ಅಂದಾಜು, ತೆಗೆದ ಹಳೆಯ ಬಿಡಿಭಾಗಗಳು, ಇವಿಷ್ಟೂ ಕೈಯಲ್ಲಿರಬೇಕು. ಕೆಟ್ಟ ಮೇಲೆ ತಾನೇ ಬಿಚ್ಚಲು ಹೋಗಬಾರದು; ಬಿಚ್ಚಿದ ಕೈಯ ಮೇಲೆಯೇ ತಪ್ಪು ಹೊರಿಸುವುದು ಸುಲಭ. ಬೇರೊಬ್ಬ ಮೆಕ್ಯಾನಿಕ್ಕಿನಿಂದ ಪರೀಕ್ಷೆ ಮಾಡಿಸಿ ಬರವಣಿಗೆಯಲ್ಲಿ ವರದಿ ಪಡೆಯಬೇಕು. ಬಾಕಿ ಕೊಡದೆ ಬೈಕು ಬಿಡುವುದಿಲ್ಲವೆಂದು ಗ್ಯಾರೇಜು ಹಿಡಿದಿಟ್ಟುಕೊಂಡರೆ, ಆಕ್ಷೇಪಣೆಯೊಂದಿಗೆ ಹಣ ಕೊಡುತ್ತಿದ್ದೇನೆ ಎಂದು ಬರೆದುಕೊಟ್ಟು ಬಿಡಿಸಿಕೊಳ್ಳಬೇಕು. ಆಮೇಲೆ ಗಡುವಿನೊಂದಿಗೆ ದಾವೆಪೂರ್ವ ಪತ್ರ. ಸರಳ ಪ್ರಕರಣಗಳಲ್ಲಿ 14 ದಿನ ಕೊಡುವುದು ವಾಡಿಕೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 10,000 ಪೌಂಡಿನವರೆಗಿನ ಇಂಥ ಹಣದ ದಾವೆಗಳನ್ನು ಸಾಮಾನ್ಯವಾಗಿ ಸಣ್ಣ ದಾವೆಗಳ ವಿಭಾಗದಲ್ಲಿ, ವಕೀಲರಿಲ್ಲದೆಯೂ ನಡೆಸಬಹುದು. 2024ರ ಮೇ ತಿಂಗಳಿನಿಂದ ಇಂಥ ಹೊಸ ದಾವೆಗಳಲ್ಲಿ ದೂರವಾಣಿಯ ಮೂಲಕ ಉಚಿತ ಸಂಧಾನವೂ ಕಡ್ಡಾಯವಾಗಿದೆ.

ಇಷ್ಟರವರೆಗೆ ದಾರಿ ನೇರವಾಗಿದೆ. ಮುಂದಿನದು ತಿರುವು.

ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯಿದೆಯ 49ನೆಯ ಸೆಕ್ಷನ್ ಪ್ರಕಾರ ಯಾವುದೇ ಸೇವೆಯನ್ನು ತಕ್ಕ ಎಚ್ಚರ ಮತ್ತು ನೈಪುಣ್ಯದಿಂದ ಮಾಡಬೇಕು. ಮಾಡದಿದ್ದರೆ ಮತ್ತೆ ಮಾಡಿಕೊಡುವಂತೆ ಕೇಳಬಹುದು, ಇಲ್ಲವೆ ಕೊಟ್ಟ ಹಣದಲ್ಲಿ ಕಡಿತ ಕೇಳಬಹುದು. ನಷ್ಟಕ್ಕೆ ಪರಿಹಾರ ಕೇಳುವ ದಾರಿಯೂ ತೆರೆದಿರುತ್ತದೆ. ಗೋಡೆಗೆ ಫಲಕ ತೂಗುಹಾಕಿ ಈ ಹೊಣೆಯಿಂದ ನುಣುಚಿಕೊಳ್ಳಲು ಬಾರದು. ಆದರೆ ಈ ಕಾಯಿದೆಯಲ್ಲಿ ಗ್ರಾಹಕ ಯಾರು? ಪೂರ್ತಿಯಾಗಿ ಅಥವಾ ಮುಖ್ಯವಾಗಿ ತನ್ನ ವ್ಯಾಪಾರ, ಕಸುಬು, ವೃತ್ತಿಗಳ ಹೊರಗಿನ ಉದ್ದೇಶಕ್ಕೆ ವ್ಯವಹರಿಸುವ ವ್ಯಕ್ತಿ. ವಾರಾಂತ್ಯದಲ್ಲಿ ಸುತ್ತಾಡಲು ಬೈಕು ಇಟ್ಟುಕೊಂಡ ಸಾಫ್ಟ್‌ವೇರ್ ಎಂಜಿನಿಯರ್ ನಿಸ್ಸಂಶಯವಾಗಿ ಗ್ರಾಹಕ. ಅದೇ ಬೈಕಿನಲ್ಲಿ ಹೊಟ್ಟೆ ಹೊರೆಯುವವನು ಈ ವ್ಯಾಖ್ಯೆಯಿಂದ ಹೊರಬೀಳಬಹುದು. ಆಗ ಅವನಿಗೆ ಉಳಿಯುವುದು 1982ರ ಸರಕು ಮತ್ತು ಸೇವೆಗಳ ಪೂರೈಕೆ ಕಾಯಿದೆ. ಅದರಲ್ಲೂ ಎಚ್ಚರ ಮತ್ತು ನೈಪುಣ್ಯದ ಮಾತಿದೆ, ನಿಜ. ಆದರೆ ಗ್ಯಾರೇಜು ತನ್ನ ಷರತ್ತುಗಳಿಂದ ಹೊಣೆಯನ್ನು ಮಿತಗೊಳಿಸಲು ಯತ್ನಿಸಬಹುದು. ಆ ಷರತ್ತು ನ್ಯಾಯಸಮ್ಮತವೇ ಎಂಬ ವಾದ ಬೇರೆಯಾಗಿ ನಡೆಯಬೇಕು.

ಇದಕ್ಕೆ ಇನ್ನೊಂದು ಗಂಟಿದೆ. 1854ರ ಹ್ಯಾಡ್ಲಿ ವಿರುದ್ಧ ಬ್ಯಾಕ್ಸೆಂಡೇಲ್ ಪ್ರಕರಣವನ್ನು ಕಾನೂನು ಓದಿದವರೆಲ್ಲ ಬಲ್ಲರು. ಗ್ಲಾಸ್ಟರಿನ ಒಂದು ಹಿಟ್ಟಿನ ಗಿರಣಿಯ ಯಂತ್ರದ ಕ್ರ್ಯಾಂಕ್ ಶಾಫ್ಟ್ ಮುರಿದು, ಅದನ್ನು ಸಾಗಿಸುವವರು ತಡಮಾಡಿದ್ದರಿಂದ ಗಿರಣಿ ನಿಂತಿತ್ತು. ಗಿರಣಿ ನಿಂತ ದಿನಗಳ ಲಾಭನಷ್ಟ ಮಾಲೀಕರಿಗೆ ಸಿಗಲಿಲ್ಲ. ಕರಾರು ಮುರಿದರೆ ಸಹಜವಾಗಿ ಆಗುವ ನಷ್ಟ, ಅಥವಾ ಕರಾರಿನ ವೇಳೆಗೆ ಇಬ್ಬರ ಮನಸ್ಸಿನಲ್ಲೂ ಇದ್ದಿರಬಹುದಾದ ನಷ್ಟ ಮಾತ್ರ ವಸೂಲಾಗುತ್ತದೆ ಎಂಬ ತತ್ತ್ವ ಅಲ್ಲಿಂದ ಬಂತು. ಅಂದರೆ ಬೈಕು ನಿಂತ ದಿನಗಳ ಕೂಲಿ ಬೇಕಾದರೆ, "ಈ ಗಾಡಿಯಿಂದಲೇ ನನ್ನ ಸಂಪಾದನೆ" ಎಂದು ಗ್ಯಾರೇಜಿಗೆ ಮೊದಲೇ ತಿಳಿಸಿರುವುದು ಒಳ್ಳೆಯದು. ಆದರೆ ಹಾಗೆ ತಿಳಿಸಿದ ಮಾತೇ ಆತ ಗ್ರಾಹಕನಲ್ಲ ಎಂಬ ವಾದಕ್ಕೆ ಎದುರಾಳಿಯ ಕೈಯ ಪುರಾವೆಯಾಗುತ್ತದೆ. ಹೇಳಿದರೆ ಒಂದು ಹಕ್ಕು ಸಡಿಲ, ಹೇಳದಿದ್ದರೆ ಇನ್ನೊಂದು ಸಡಿಲ.

ಕೊನೆಗೆ ಆತ ಯಾರು? 2021ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಊಬರ್ ಚಾಲಕರನ್ನು ಕಾರ್ಮಿಕ ಹಕ್ಕುಗಳುಳ್ಳವರೆಂದು ಎತ್ತಿಹಿಡಿಯಿತು. ಆದರೆ 2023ರ ನವೆಂಬರಿನಲ್ಲಿ ಅದೇ ಕೋರ್ಟ್ ಡೆಲಿವೆರೂ ಸವಾರರ ಸಂಘದ ಮೇಲ್ಮನವಿಯನ್ನು ತಳ್ಳಿಹಾಕಿತು. ತಮ್ಮ ಬದಲಿಗೆ ಬೇರೊಬ್ಬರನ್ನು ಕಳಿಸುವ ಸ್ವಾತಂತ್ರ್ಯ ಅವರಿಗಿದೆ ಎಂಬುದು ಅದಕ್ಕೆ ಒಂದು ಮುಖ್ಯ ಕಾರಣವಾಗಿತ್ತು. ಹೀಗೆ ಕಂಪನಿಯ ಎದುರು ನಿಂತಾಗ ಸವಾರ ಕಾರ್ಮಿಕನಲ್ಲ, ಸ್ವತಂತ್ರ ಉದ್ಯಮಿ. ಗ್ಯಾರೇಜಿನ ಎದುರು ನಿಂತಾಗ ಗ್ರಾಹಕನಲ್ಲ, ಅಲ್ಲೂ ಉದ್ಯಮಿ. ಉದ್ಯಮಿಯ ಬಿರುದು ಎರಡೂ ಬಾಗಿಲಲ್ಲಿ ಸಿಗುತ್ತದೆ. ಉದ್ಯಮಿಯ ಬಂಡವಾಳ ಎಲ್ಲಿಯೂ ಇಲ್ಲ.

ಇಲ್ಲಿ ಭಾರತದ ಕಡೆಗೆ ಒಮ್ಮೆ ತಿರುಗಿ ನೋಡುವುದು ಬರಿಯ ತವರಿನ ಮೋಹವಲ್ಲ. ಭಾರತದ ಗ್ರಾಹಕ ಸಂರಕ್ಷಣಾ ಕಾಯಿದೆಯೂ ವಾಣಿಜ್ಯ ಉದ್ದೇಶದ ಖರೀದಿಯನ್ನು ಹೊರಗಿಡುತ್ತದೆ. ಆದರೆ ಸ್ವಂತ ದುಡಿಮೆಯಿಂದ ಜೀವನ ಸಾಗಿಸುವುದಕ್ಕಾಗಿಯೇ ಕೊಂಡು ಬಳಸುವ ಸರಕು ವಾಣಿಜ್ಯದ್ದಲ್ಲ ಎಂಬ ವಿವರಣೆಯನ್ನು ಅದು ಜೊತೆಗಿಟ್ಟಿದೆ. 2019ರ ಹೊಸ ಕಾಯಿದೆಯಲ್ಲೂ ಅದು ಉಳಿದಿದೆ. 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು: ತಾನೇ ಓಡಿಸಿ ಬದುಕಲು ಆಟೋರಿಕ್ಷಾ ಕೊಂಡವನು ಗ್ರಾಹಕ, ಬೇರೆಯವರಿಂದ ಓಡಿಸಿ ಲಾಭ ಪಡೆಯಲು ಕೊಂಡವನು ಅಲ್ಲ. ಅನ್ನಕ್ಕಾಗಿ ದುಡಿಯುವುದಕ್ಕೂ ಲಾಭಕ್ಕಾಗಿ ಹೂಡುವುದಕ್ಕೂ ಇರುವ ಅಂತರವನ್ನು ಆ ವಿವರಣೆ ಗುರುತಿಸಿದೆ. ಬ್ರಿಟನ್ನಿನ ಕಾಯಿದೆಯ ವ್ಯಾಖ್ಯೆಗೆ ಈ ವಿವೇಕ ಬೇಕಾಗಿದೆ.

ಗ್ಯಾರೇಜಿನ ಒಳಗಿರುವವನನ್ನೂ ಮರೆಯುವಂತಿಲ್ಲ. ಬೋಲ್ಟನ್ನು ಬಿಗಿದ ಕೈ ಬಹುಶಃ ಇನ್ನೊಬ್ಬ ವಲಸಿಗನದೇ. ಗಂಟೆಗೆ ಇಷ್ಟು ಬೈಕು ಮುಗಿಸಬೇಕೆಂಬ ಒತ್ತಡ ಮೇಲಿನಿಂದ ಬಂದದ್ದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದಲ್ಲೋ ಗಾಡಿ ರಿಪೇರಿ ಮಾಡಿಸಿದವರಿಗೆ, ಮಸಿ ಮೆತ್ತಿದ ಹುಡುಗನನ್ನು ಏಕವಚನದಲ್ಲಿ ಗದರಿಸುವುದು ತೀರ ಸಹಜವೆಂಬಂತೆ ರೂಢಿಯಾಗಿರುತ್ತದೆ. ಆ ರೂಢಿಯನ್ನು ಸಮುದ್ರ ದಾಟಿಸಿ ತರಬೇಕಾಗಿಲ್ಲ. ದಾವೆ ಹೂಡಬೇಕಾದದ್ದು ವ್ಯವಹಾರದ ಮೇಲೆ; ಬೈಗುಳ ಕೇಳಬೇಕಾದವನು ಸ್ಪ್ಯಾನರ್ ಹಿಡಿದವನಲ್ಲ.

ಬರ್ಮಿಂಗ್‌ಹ್ಯಾಮಿನ ಆ ಕನ್ನಡಿಗ ಮಾಡಬೇಕಾದ ಕೆಲಸ ಎರಡು. ಫೋಟೋ, ವರದಿ, ಪತ್ರಗಳನ್ನು ಜೋಡಿಸಿಕೊಂಡು, ಮುಖ್ಯವಾಗಿ ಎರಡು ಕಾಯಿದೆಗಳನ್ನೂ ಹೆಸರಿಸಿ ದಾವೆ ಸಲ್ಲಿಸುವುದು ಒಂದು. ಗ್ರಾಹಕನೆಂದು ಒಪ್ಪದಿದ್ದರೂ ಕೆಲಸ ಸರಿಯಾಗಿ ಮಾಡಬೇಕಾದ ಹೊಣೆ ಗ್ಯಾರೇಜಿನ ಮೇಲೆ ಉಳಿಯುತ್ತದೆ. ಎರಡನೆಯದು ಸವಾರರ ಸಂಘಕ್ಕೆ ಸೇರುವುದು. ಮೊದಲನೆಯದರಿಂದ ಒಂದು ಎಂಜಿನ್ನಿನ ಹಣ ಮರಳಿ ಬಂದೀತು. ಎಲ್ಲ ಬಾಗಿಲಲ್ಲೂ ಉದ್ಯಮಿಯೆಂದು ಕರೆಸಿಕೊಂಡು ಬರಿಗೈಯಲ್ಲಿ ಮರಳುವ ಪಾಡು ತಪ್ಪಬೇಕಾದರೆ ಎರಡನೆಯದೇ ಬೇಕು, ಮತ್ತು ಅದು ಒಬ್ಬನಿಂದ ಆಗುವ ಕೆಲಸವಲ್ಲ.