ಬೇಲಿಯಲ್ಲಿ ಬಚ್ಚಿಟ್ಟ ಕಂಬಳಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)

ವೇದಿಕೆಯ ಮೇಲಿರುವ ಹಿರಿಯರೇ, ನಮಗೆ ಅಕ್ಷರದ ಜೊತೆಗೆ ಏಟನ್ನೂ ಧಾರಾಳವಾಗಿ ಕೊಟ್ಟ ಗುರುಗಳೇ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಂದ ಬಸ್ಸು ಹಿಡಿದು ಬಂದಿರುವ ಗೆಳೆಯ ಗೆಳತಿಯರೇ, ಅಡಿಗೆ ಮನೆ ಕಡೆಗೇ ಕಣ್ಣಿಟ್ಟು ಕೂತಿರುವ ಮಕ್ಕಳೇ,

ಸಂಘಟಕರು ನನಗೆ ಕೊಟ್ಟಿರುವ ವಿಷಯ 'ನಮ್ಮ ಗ್ರಾಮೀಣ ಪರಂಪರೆ'. ಅಷ್ಟು ದೊಡ್ಡ ಗಂಟನ್ನು ಹೊರುವ ಶಕ್ತಿ ನನಗಿಲ್ಲ. ಒಂದು ದಿನದ ಪ್ರವಾಸದ ಬಗ್ಗೆ ಮಾತ್ರ ಹೇಳುತ್ತೇನೆ.

ನನ್ನ ತಂಗಿಯ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಒಮ್ಮೆ ಫೋನ್ ಮಾಡಿ, "ಮಾವ, ಮಗನ ಸ್ಕೂಲಿನವರು ಅವನನ್ನ ಐನೂರು ವರ್ಷ ಹಿಂದಕ್ಕೆ ಕರ್ಕೊಂಡು ಹೋಗಿದ್ರು" ಎಂದಳು. ಸಫೋಕ್ ಪ್ರಾಂತ್ಯದಲ್ಲಿ ಕೆಂಟ್‌ವೆಲ್ ಹಾಲ್ ಎಂಬ ಹಳೆಯ ದೊಡ್ಡ ಮನೆ ಇದೆ. ಅಲ್ಲಿ 1979ರಿಂದ ಟ್ಯೂಡರ್ ದೊರೆಗಳ ಕಾಲದ ಬದುಕನ್ನು ಜನರೇ ಬದುಕಿ ತೋರಿಸುತ್ತಾರಂತೆ. ಅಡಿಗೆಯವರು, ನೇಯುವವರು, ಕಮ್ಮಾರರು ಎಲ್ಲರೂ ಆ ಕಾಲದ ಬಟ್ಟೆಯಲ್ಲಿ, ಆ ಕಾಲದ ಮಾತಿನಲ್ಲಿ ಕೆಲಸ ಮಾಡುತ್ತಿರುತ್ತಾರೆ. ಹೋಗುವ ಮಕ್ಕಳೂ ಅದೇ ವೇಷ ಹಾಕಬೇಕು. ಟ್ಯೂಡರ್ ಎಂದರೆ 1485ರಿಂದ 1603ರವರೆಗೆ ಆಳಿದ ಮನೆತನ. ಅವರಲ್ಲಿ ಎಂಟನೇ ಹೆನ್ರಿ ಪಟ್ಟಕ್ಕೆ ಬಂದದ್ದು 1509ರಲ್ಲಿ. ಅದೇ 1509ರಲ್ಲಿ ಇಲ್ಲೇ ಪಕ್ಕದ ಹಂಪಿಯಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದ. ಇದನ್ನು ಕ್ಲಾಸಿನಲ್ಲಿ ಹೇಳಿದಾಗಲೆಲ್ಲ ಮಕ್ಕಳು ಕಣ್ಣರಳಿಸುತ್ತಿದ್ದರು. ನಾನು ಸಮಾಜ ವಿಜ್ಞಾನದ ಮೇಷ್ಟ್ರಾಗಿದ್ದಕ್ಕೆ ಸಿಕ್ಕ ಸಣ್ಣ ಸಂತೋಷ ಅದು.

ಆದರೆ ಆಮೇಲೆ ಒಬ್ಬ ಹುಡುಗ ಎದ್ದು, "ಸರ್, ಆಗ ನಮ್ಮೂರಾಗ ಏನ್ ಉಣ್ತಿದ್ರು, ಏನ್ ಹೊದೀತಿದ್ರು?" ಎಂದರೆ ನನ್ನ ಬಾಯಿ ಕಟ್ಟುತ್ತಿತ್ತು. ಕೃಷ್ಣದೇವರಾಯ ಬೆಳಗಾಗುವ ಮುಂಚೆ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಕುಸ್ತಿ ಆಡುತ್ತಿದ್ದ ಎಂದು ಪೋರ್ಚುಗಲ್‌ನ ಪಾಯಸ್ ಬರೆದಿಟ್ಟಿದ್ದಾನೆ. ರಾಜನ ಹೊಟ್ಟೆಗೆ ಹೋದ ಎಣ್ಣೆ ಗೊತ್ತು, ಕುರಿಯವನ ಬುತ್ತಿ ಗೊತ್ತಿಲ್ಲ.

ಕೆಂಟ್‌ವೆಲ್ ನಮಗೆ ದೂರ. ಗೊಟಗೋಡಿ ದೂರವಲ್ಲ. ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನಲ್ಲಿ, ಪುಣೆ–ಬೆಂಗಳೂರು ಹೆದ್ದಾರಿಯ ಪಕ್ಕದಲ್ಲಿ, ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಸೊಲಬಕ್ಕನವರ 2020ರಲ್ಲಿ ತೀರಿಕೊಂಡರು. ದೊಡ್ಡಾಟಕ್ಕೆ ಮತ್ತೆ ಜೀವ ತುಂಬಲು ದುಡಿದವರು. ಕಳೆದ ಡಿಸೆಂಬರಿನಲ್ಲಿ ಇದೇ ಶಾಲೆಯ ಒಂಬತ್ತನೇ ತರಗತಿಯ ಮಕ್ಕಳು ಅಲ್ಲಿಗೆ ಹೊರಟಾಗ ಹೆಡ್‌ಮಾಸ್ತರರು ನನ್ನನ್ನೂ ಕರೆದರು. ಎಂಬತ್ತು ದಾಟಿದ ನಮ್ಮವ್ವ, "ಬಸ್ಸಿನ್ಯಾಗ ಒಂದು ಸೀಟು ಇದ್ರ ನಾನೂ ಬರ್ತೀನಿ" ಎಂದಳು. ಹರಪನಹಳ್ಳಿ, ಹರಿಹರ, ರಾಣೆಬೆನ್ನೂರು, ಹಾವೇರಿ ದಾಟಿ ಹೋದೆವು. ದಾರಿಯ ಹಾಡು, ವಾಂತಿ, ಚುರುಮುರಿಗಳ ವಿವರ ನಿಮಗೆಲ್ಲ ಗೊತ್ತಿದ್ದದ್ದೇ.

ಅಲ್ಲಿ ಸಾವಿರಕ್ಕೂ ಹೆಚ್ಚು ಶಿಲ್ಪಗಳಿವೆ. ಒಂದು ಹಳ್ಳಿಗೆ ಹಳ್ಳಿಯೇ ಎದ್ದು ನಿಂತಿದೆ. ಒಕ್ಕಲುತನ, ಕಸುಬು, ದನಕರು, ಮನೆವಾರ್ತೆ ಎಲ್ಲವೂ ಆಳೆತ್ತರದಲ್ಲಿ. ದೂರದಿಂದ ನೋಡಿ ಮಾತಾಡಿಸಲು ಹೋಗಿ ನಾಚಿಕೊಂಡವರಲ್ಲಿ ನಾನೂ ಒಬ್ಬ. ರಾಜ್‌ಕುಮಾರರ ಸಿನಿಮಾ ಪಾತ್ರಗಳ ವೃತ್ತವೂ ಉಂಟು. ನನ್ನ ವಯಸ್ಸಿನವರು ಅಲ್ಲೇ ಅರ್ಧ ತಾಸು ನಿಲ್ಲುತ್ತಾರೆ, ನಾನು ನಿಂತೆ.

ಕುರಿ ಕಾಯುವವರ ಶಿಲ್ಪಗಳ ಹತ್ತಿರ ಹುಡುಗರು ಒಬ್ಬೊಬ್ಬರಾಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಬ್ಬ ಹುಡುಗ ಮಾತ್ರ ಹಿಂದೆ ಉಳಿದಿದ್ದ. ಯಾಕಪ್ಪಾ ಎಂದರೆ ಮೊದಲು ಏನೂ ಹೇಳಲಿಲ್ಲ. ಆಮೇಲೆ ಮೆಲ್ಲಗೆ, "ಸರ್, ಇವ್ರೆಲ್ಲ ಇದು ಹಿಂದಿನ ಕಾಲ ಅಂತಾರ. ನಮ್ಮಪ್ಪ ಈಗೂ ಹಿಂಗೇ ಅದಾನಲ್ರೀ" ಎಂದ. ಅವನ ಅಪ್ಪ ವರ್ಷದಲ್ಲಿ ಎಷ್ಟೋ ತಿಂಗಳು ಕುರಿಗಳ ಹಿಂದೆ ಊರೂರು ಅಲೆಯುತ್ತಾರೆ, ಹೊಲದವರು ಕರೆದಲ್ಲಿ ಗೊಬ್ಬರಕ್ಕೆ ಕುರಿ ತರುಬುತ್ತಾರೆ. ಶಾಲೆಯ ದಾಖಲೆಯಲ್ಲಿ ಹುಡುಗ ಬರೆಸಿರುವುದು 'ಒಕ್ಕಲುತನ'.

ನನಗೆ ಮೈ ಜುಮ್ಮೆಂದಿತು. ನಾನೂ ಹಾಗೆಯೇ ಬರೆಸಿದ್ದೆ.

1972ರಲ್ಲಿ ಈ ಶಾಲೆ ಶುರುವಾದಾಗ ನಾನು ಮೊದಲ ಬ್ಯಾಚಿನ ಎಂಟನೇ ಕ್ಲಾಸು. ಅದು ಬರಗಾಲ. ಅಪ್ಪ ಗುಣಿಮಗ್ಗದಲ್ಲಿ ಕಂಬಳಿ ನೇಯುತ್ತಿದ್ದ. ಮನೆಯೊಳಗೆ ಸದಾ ಉಣ್ಣೆಯ ವಾಸನೆ. ಮರುವರ್ಷ ಮಳೆ ಬಂತು. ಅಪ್ಪ ಹೊಸ ಕಂಬಳಿಯೊಂದನ್ನು ಕೊಪ್ಪೆ ಮಾಡಿ ನನ್ನ ತಲೆಯ ಮೇಲೆ ಹಾಕಿ ಶಾಲೆಗೆ ಕಳಿಸುತ್ತಿದ್ದ. ನೆನೆದ ಕಂಬಳಿಯ ವಾಸನೆ ಕ್ಲಾಸಿನ ತುಂಬ ಹರಡುತ್ತದೆ, ಹುಡುಗರು ಮೂಗು ಮುಚ್ಚಿಕೊಳ್ಳುತ್ತಾರೆ. ಅದಕ್ಕೆ ನಾನು ಹಳ್ಳದ ಹತ್ತಿರದ ಕಳ್ಳಿ ಬೇಲಿಯಲ್ಲಿ ಅದನ್ನು ಬಚ್ಚಿಟ್ಟು, ತೊಯ್ದುಕೊಂಡೇ ಶಾಲೆಗೆ ಬರುತ್ತಿದ್ದೆ. ಒಂದು ಸಂಜೆ ಹೋಗಿ ನೋಡಿದರೆ ಕಂಬಳಿ ಇಲ್ಲ. ಗೆಳೆಯನಿಗೆ ಕೊಟ್ಟಿದ್ದೆ, ಅವನು ಕಳೆದ ಎಂದು ಮನೆಯಲ್ಲಿ ಸುಳ್ಳು ಹೇಳಿದೆ. ಅಪ್ಪ, "ಹೋಗ್ಲಿ ಬಿಡು" ಎಂದ. ಮುಂದಿನ ವಾರ ಕೊಟ್ಟೂರು ಸಂತೆಯಿಂದ ನನಗೊಂದು ಕೊಡೆ ಬಂತು. ಕರಿ ಬಟ್ಟೆಯ, ಬಾಗಿದ ಹಿಡಿಯ ಕೊಡೆ. ಮಳೆ ಇಲ್ಲದ ದಿನವೂ ಅದನ್ನು ಹಿಡಿದುಕೊಂಡು ಇದೇ ಗೇಟಿನಿಂದ ಒಳಗೆ ಬಂದಿದ್ದೇನೆ.

ಗೊಟಗೋಡಿಯಲ್ಲಿ ಆ ಹುಡುಗನ ಮಾತು ಅವ್ವನ ಕಿವಿಗೂ ಬಿದ್ದಿರಬೇಕು. ಅವಳು ಶಿಲ್ಪದ ಹತ್ತಿರ ಹೋಗಿ ಮುಟ್ಟಿ ನೋಡಿದಳು. "ಮನಷ್ಯಾ ಬರೋಬರಿ ಅದಾನ. ತಣ್ಣಗದಾನ, ಅಷ್ಟ" ಎಂದಳು. ಒಬ್ಬ ಹುಡುಗಿ, "ಅಜ್ಜಿ, ಕಂಬಳಿ ಹೆಂಗ ಮಾಡ್ತಿದ್ರಿ?" ಎಂದು ಕೇಳಿದ್ದೇ ತಡ, ನೆರಳಿನಲ್ಲಿ ಕಾಲು ಚಾಚಿ ಕೂತುಬಿಟ್ಟಳು. ವರ್ಷಕ್ಕೆ ಎರಡು ಸಲ ಕುರಿ ಕತ್ತರಿಸುವುದು, ಉಣ್ಣೆ ಹಿಂಜುವುದು, ಆಮೇಲೆ ನೂಲು. ಎಡಗೈಯಲ್ಲಿ ಇಲ್ಲದ ಉಣ್ಣೆ ಹಿಡಿದು, ಬಲಗೈಯಲ್ಲಿ ಇಲ್ಲದ ರಾಟೆ ತಿರುಗಿಸಿದಳು. ನೂಲು ಹರಿದಾಗ ಬೆರಳಿಗೆ ಉಗುಳು ಹಚ್ಚಿ ಹೊಸೆದು ಕೂಡಿಸಿದಳು. ನಲವತ್ತು ಮಕ್ಕಳು ಗಪ್‌ಚಿಪ್. ಹಾಸಿಗೆ ನೂಲಿಗೆ ಹುಣಸೆ ಬೀಜದ ಸರಿ ಹಚ್ಚಬೇಕು, ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಕುದಿಸಬೇಕು ಎಂದಳು. "ಬರ ಬಿದ್ದ ವರ್ಷ ಆ ಬೀಜಾನೂ ಹುರಿದು ತಿಂದೀವವ್ವ. ಸರಿಗೆ ಬೀಜ ಇಲ್ದ ಮಗ್ಗ ಸುಮ್ನ ಕುಂತಿತ್ತು." ಇದು ನನಗೇ ಗೊತ್ತಿರಲಿಲ್ಲ. ಅದೇ ವರ್ಷ ನಾನು ಈ ಶಾಲೆಯಲ್ಲಿ ಕೂತು ಭೂಗೋಳ ಬಾಯಿಪಾಠ ಮಾಡುತ್ತಿದ್ದೆ.

ಊಟದ ಬುತ್ತಿ ಬಿಚ್ಚುವಾಗ ಅವ್ವ ನನ್ನ ಕಡೆ ನೋಡದೆ, ರೊಟ್ಟಿ ಮುರಿಯುತ್ತ ಹೇಳಿದಳು: "ನೀ ಬೇಲ್ಯಾಗ ಇಟ್ಟಿದ್ದ ಕಂಬಳಿ ತಂದಾವ ನಿಮ್ಮಪ್ಪನ. ಕುರಿ ಹೊಡ್ಕೊಂಡು ಹಳ್ಳದ ಕಡೆ ಹೋದಾವ ನೋಡ್ದ. ಹುಡುಗಗ ನಾಚಿಕಿ ಆಗ್ತೈತಿ ಅಂತ ಸಂತ್ಯಾಗ ಅದನ್ನ ಮಾರಿ ಕೊಡಿ ತಂದ. ನಿಂಗ ಹೇಳಬ್ಯಾಡ ಅಂದಿದ್ದ."

ಅಪ್ಪ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಅವ್ವನನ್ನು ಕೇಳಿದೆ. "ನೀ ಯಾವಾಗ ಕೇಳ್ದಿ?" ಎಂದಳು. ಮೂವತ್ತು ವರ್ಷ ಇತಿಹಾಸ ಹೇಳಿಕೊಟ್ಟವನಿಗೆ ಈ ಪ್ರಶ್ನೆ.

ಬರುವಾಗ ಬಸ್ಸಿನಲ್ಲಿ ಆ ಹುಡುಗ ಅವ್ವನ ಪಕ್ಕದ ಸೀಟಿನಲ್ಲಿದ್ದ. ಈಗ ಕಂಬಳಿಗೆ ಬೇಕಾದ ಕರಿ ಉಣ್ಣೆಯ ಕುರಿ ಕಡಿಮೆಯಾಗಿವೆ, ಮಾಂಸದ ಕುರಿಗೇ ರೊಕ್ಕ ಎಂದು ಅವನೇ ಅವಳಿಗೆ ಪಾಠ ಮಾಡುತ್ತಿದ್ದ. 'ಬಳ್ಳಾರಿ' ಎಂಬ ಹೆಸರಿನ ಕುರಿ ತಳಿಯೇ ಇದೆ, ನಮ್ಮ ಕಂಬಳಿಯ ಉಣ್ಣೆ ಅದರದ್ದೇ ಎಂದು ನಾನು ನಡುವೆ ಬಾಯಿ ಹಾಕಿದೆ. ಇಬ್ಬರೂ ನನ್ನ ಕಡೆ ತಿರುಗಿ ನೋಡಿ ಮತ್ತೆ ತಮ್ಮ ಮಾತು ಮುಂದುವರಿಸಿದರು.

ಮಹೋತ್ಸವ ಸಮಿತಿಯವರು ಹಳೆಯ ಸಾಮಾನುಗಳಿಗೆ ಒಂದು ಕೋಣೆ ಬಿಟ್ಟುಕೊಟ್ಟಿದ್ದಾರೆ. ಒನಕೆ, ಬೀಸುಕಲ್ಲು, ಕೊಳಗ, ಸೇರು ಎಲ್ಲ ಬಂದಿವೆ. ಒಳ್ಳೆಯದು. ಜೊತೆಗೆ ನನ್ನದೊಂದು ಬೇಡಿಕೆ. ತಿಂಗಳಿಗೆ ಒಂದು ಶನಿವಾರ, ಆ ಸಾಮಾನು ಬಳಸಿದ ಕೈಗಳನ್ನೂ ಅಲ್ಲಿಗೆ ಕರೆಸೋಣ. ಭಾಷಣ ಬೇಡ, ಹಾರ ಬೇಡ. ಅವರು ಕೆಲಸ ಮಾಡಲಿ, ಮಕ್ಕಳು ಕೇಳಲಿ. ಈಗ ಕಸುಬು ಮಾಡುತ್ತಿರುವವರನ್ನೂ ಕರೆಯಬೇಕು, ಬಿಟ್ಟವರನ್ನೂ ಕರೆಯಬೇಕು.

ಬರುವ ಶನಿವಾರ ಅವ್ವ ಬರುತ್ತಾಳೆ. ನಮ್ಮ ಮನೆಯ ರಾಟೆ ಎಂದೋ ಒಲೆಗೆ ಹೋಯಿತು. ಅಟ್ಟದ ಮೇಲೆ ಯಾರದಾದರೂ ಉಳಿದಿದ್ದರೆ ದಯವಿಟ್ಟು ತನ್ನಿ, ಮುರಿದಿದ್ದರೂ ಪರವಾಗಿಲ್ಲ, ಬಡಿಗೇರರಿಗೆ ಹೇಳಿದ್ದೇನೆ. ಉಣ್ಣೆಯ ಚಿಂತೆ ಇಲ್ಲ. ಅದನ್ನು ಆ ಹುಡುಗನ ಅಪ್ಪ ತರುತ್ತೇನೆ ಎಂದಿದ್ದಾರೆ.