ಲಂಡನ್ನಿಗೆ ಎರಡನೆಯ ಸಲ

ಕಾಲೇಜಿನ ಕಾರ್ಯಾರ್ಥವಾಗಿ ನಾವು ಮತ್ತೊಮ್ಮೆ ಲಂಡನ್ನಿಗೆ ಹೋಗಬೇಕಾಯಿತು. ಸೇಂಟ್ ಪ್ಯಾಂಕ್ರಾಸಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಈಸ್ಟ್ ಇಂಡಿಯಾ ಕಂಪೆನಿಯ ಹಳೆಯ ದಫ್ತರಗಳನ್ನು ನೋಡುವುದಷ್ಟೇ ಕೆಲಸ. ಅದು ಬೇಗನೆ ಮುಗಿಯಿತು. ಒಂದು ದಿನ ಮಿಕ್ಕಿತು.

2004ರಲ್ಲಿ ನಾವು ಅಲ್ಲಿ ವಿದ್ಯಾರ್ಥಿಗಳಾಗಿದ್ದಾಗ, ಈಗ ದಿವಂಗತರಾಗಿರುವ ಗೆಳೆಯರೊಬ್ಬರೊಡನೆ 159ನೆಯ ನಂಬರಿನ ಕೆಂಪು ಬಸ್ಸಿನ ತೆರೆದ ಹಿಂಬದಿಗೆ ಹಾರಿ ಏರುತ್ತಿದ್ದೆವು. ಕಂಡಕ್ಟರನು ಗದರಿಸುತ್ತಿದ್ದನು. ಆ ಮಾರ್ಗದ ರೂಟ್‌ಮಾಸ್ಟರ್ ಬಸ್ಸುಗಳು 2005ರ ಡಿಸೆಂಬರ್ 9ರಂದು ನಿಂತುಹೋದುವು. ಈಗಿನವುಗಳಿಗೆ ಮುಚ್ಚುವ ಬಾಗಿಲು, ಕಂಡಕ್ಟರನಿಲ್ಲ, 2014ರಿಂದೀಚೆಗೆ ಚಿಲ್ಲರೆ ಕಾಸೂ ನಡೆಯದು. ಗಾಲಿಕುರ್ಚಿಯವರಿಗೆ ಇವೇ ಮೇಲೆಂಬುದನ್ನು ಒಪ್ಪತಕ್ಕದ್ದೇ. ಆದರೂ ಹಳೆಯದನ್ನು ಹುಡುಕುವ ಕಣ್ಣಿಗೆ ಈ ನ್ಯಾಯ ಹಿಡಿಸದು.

ವೆಸ್ಟ್‌ಮಿನ್‌ಸ್ಟರ್ ಸೇತುವೆಯನ್ನು ದಾಟಿ ಥೇಮ್ಸ್ ನದಿಯ ದಂಡೆಗುಂಟ ನಡೆದೆವು. ಚಳಿಗೆ ಕೈ ಉಜ್ಜಿಕೊಳ್ಳುತ್ತ ಗೆಳೆಯರು ಇಲ್ಲಿಯೇ ವಚನಗಳನ್ನು ಗಟ್ಟಿಯಾಗಿ ಹೇಳುತ್ತಿದ್ದರು; ದಾರಿಹೋಕರು ತಿರುಗಿ ನೋಡಿದರೆ ದನಿ ಇನ್ನಷ್ಟು ಏರುತ್ತಿತ್ತು. ಮುಂದೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರ ಪ್ರತಿಮೆಯಿದೆ. ಅದು ಸ್ಥಾಪಿತವಾದದ್ದು 2015ರ ನವೆಂಬರಿನಲ್ಲಿ. ಗೆಳೆಯರು ಅದನ್ನು ನೋಡಲಿಲ್ಲ. ಅವರು ಹೇಳುತ್ತಿದ್ದ ವಚನವೊಂದನ್ನು ಅಲ್ಲಿ ಮೆಲ್ಲಗೆ ಹೇಳಿಕೊಂಡೆವು. ಯಾರೂ ತಿರುಗಿ ನೋಡಲಿಲ್ಲ.