ಓಟ ನಿಂತ ಮೇಲೆ

ಶಾಲೆ ಕಾಲೇಜುಗಳಲ್ಲಿ ದೂರದ ಓಟ ಗೆದ್ದು, ಡಿಗ್ರಿ ಮುಗಿದೊಡನೆ ಬೂಟು ಕಳಚಿಟ್ಟವರನ್ನು ಕಂಡರೆ 'ಇಷ್ಟೇನಾ?' ಎನ್ನುವುದು ನಮ್ಮ ರೂಢಿ. ಈ ಲೆಕ್ಕಾಚಾರವೇ ತಪ್ಪು. ರೋಜರ್ ಬ್ಯಾನಿಸ್ಟರ್ ಅವರನ್ನೇ ನೋಡಿ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ 1500 ಮೀಟರ್ ಓಟದಲ್ಲಿ ನಾಲ್ಕನೆಯವರಾಗಿ ಬರಿಗೈಲಿ ಮರಳಿದ ಈ ವೈದ್ಯಕೀಯ ವಿದ್ಯಾರ್ಥಿ, ಊಟದ ಬಿಡುವಿನಲ್ಲಿ ಅಭ್ಯಾಸ ಮಾಡುತ್ತಲೇ 1954ರ ಮೇ 6ರಂದು ಆಕ್ಸ್‌ಫರ್ಡಿನಲ್ಲಿ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಮುಗಿಸಿದರು. ಜೊತೆ ಓಟಗಾರರಾದ ಬ್ರ್ಯಾಷರ್ ಮೊದಲು, ಚಾಟವೇ ಆಮೇಲೆ ಮುಂದೆ ಓಡಿ ವೇಗ ಕಾಯ್ದುಕೊಟ್ಟರು. ಕೊನೆಯ ಅರ್ಧ ಸುತ್ತಿನಷ್ಟು ಮಾತ್ರ ಬ್ಯಾನಿಸ್ಟರ್ ಒಬ್ಬರದೇ. ಆ ವಿಶ್ವದಾಖಲೆ ಉಳಿದದ್ದು 46 ದಿನ. ವರ್ಷ ಮುಗಿಯುವುದರೊಳಗೆ ಅವರು ಸ್ಪರ್ಧೆಯನ್ನೇ ಬಿಟ್ಟರು, ಮುಂದೆ ನರರೋಗ ತಜ್ಞರಾದರು.

ದಾಖಲೆ ಮಾಡಿದವರ ಮಾತು ಬೇರೆ, ಜಿಲ್ಲಾ ಮಟ್ಟದಲ್ಲಿ ಆರನೆಯವರಾಗಿ ಬಂದವರಿಗೆ ದಕ್ಕಿದ್ದೇನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ದೇಹದ ಗಳಿಕೆಯಂತೂ ಉಳಿಯದು. ಅಭ್ಯಾಸ ನಿಂತ ಕೆಲವೇ ವಾರಗಳಲ್ಲಿ ಕಸುವು ಇಳಿಯತೊಡಗುತ್ತದೆ. ಹಾಗಾಗಿ ಓಟವನ್ನು ಭವಿಷ್ಯದ ಠೇವಣಿಯೆಂದು ಹೊಗಳುವ ಮಾತು (ಬಹುಮಾನ ವಿತರಣೆಯ ಭಾಷಣಗಳಲ್ಲಿ ತಪ್ಪದೇ ಬರುತ್ತದೆ) ನನಗೆ ಒಪ್ಪಿಗೆಯಿಲ್ಲ. ಮೂರನೆಯ ಸುತ್ತಿನಲ್ಲಿ ತೊಡೆ ಕಲ್ಲಾಗಿ, ಗಂಟಲೊಣಗಿ, ಆದರೂ ವೇಗ ಬಿಡದ ಹುಡುಗಿಗೆ ಆ ಓಟದ ಫಲ ಅಂದೇ ಪೂರ್ತಿ ಸಂದಿದೆ. ಬ್ಯಾನಿಸ್ಟರ್ ಕೂಡ ತಮಗೆ ಹೆಚ್ಚು ಹೆಮ್ಮೆ ತಂದದ್ದು ದಾಖಲೆಯಲ್ಲ, ನರವಿಜ್ಞಾನದ ಕೆಲಸ ಎಂದವರು. ಓಟ ಬಿಟ್ಟಾಗ ಅವರಿಗೆ 25 ವರ್ಷ.